ಸಮುದ್ರದ ಕಲ್ಲುಮನೆ ಗಟ್ಟಿ, ನಮ್ಮ ಗೋಡೆಗೇಕೆ ಸವಳು?

ಪ್ರಶ್ನೆ: ಸರ್, ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಹೋದ ತಿಂಗಳು ಕಾರ್ನ್‌ವಾಲ್ ಕಡೆಯಿಂದ ಒಂದು ವಿಡಿಯೊ ಕಳಿಸಿದಳು. ಸಮುದ್ರದೊಳಗೆ ಕಲ್ಲು ಹಾಸಿದ ದಾರಿ, ಆ ತುದಿಗೆ ಗುಡ್ಡದಂಥ ಬಂಡೆ, ಅದರ ನೆತ್ತಿಯ ಮೇಲೆ ಕೋಟೆಯಂಥ ಕಲ್ಲಿನ ಮನೆ. ನಡೆದುಕೊಂಡು ಹೋದವರು ದೋಣಿಯಲ್ಲಿ ವಾಪಸ್ ಬಂದರಂತೆ, ಅಷ್ಟರಲ್ಲಿ ದಾರಿ ಮುಳುಗಿತ್ತಂತೆ. ಅಲ್ಲಿ ನಿಜವಾಗಿಯೂ ಜನ ಇರುತ್ತಾರಾ? ಆ ಉಪ್ಪುಗಾಳಿಗೆ ಗೋಡೆ ಹೇಗೆ ನಿಂತಿದೆ? ಸಮುದ್ರವೇ ಇಲ್ಲದ ನಮ್ಮೂರಲ್ಲಿ ನಮ್ಮ ಹಳೇ ಕಲ್ಲುಗೋಡೆ ಸವಳು ಹತ್ತಿ ಉದುರುತ್ತಿದೆ.
– ಓದುಗರು, ಗದಗ

ಉತ್ತರ: ಅಕ್ಕಾ, ನಿಮ್ಮ ಮಗಳು ನೋಡಿದ್ದು ಸೇಂಟ್ ಮೈಕಲ್ಸ್ ಮೌಂಟ್. ಜನ ಇದ್ದಾರೆ. ಬುಡದಲ್ಲಿ ಒಂದು ಪುಟ್ಟ ಹಳ್ಳಿ, ಸುಮಾರು 30 ಮಂದಿ. ನೆತ್ತಿಯ ಮನೆ ಮೊದಲು ಕ್ರೈಸ್ತ ಸನ್ಯಾಸಿಗಳ ಮಠವಾಗಿತ್ತು, ಆಮೇಲೆ ಕೋಟೆಯಾಯಿತು. 1659ರಲ್ಲಿ ಸೇಂಟ್ ಆಬಿನ್ ಮನೆತನದವರು ಕೊಂಡುಕೊಂಡು ಅದನ್ನು ವಾಸದ ಮನೆ ಮಾಡಿಕೊಂಡರು.

ಈಗ ಗೋಡೆಯ ವಿಷಯ. ಕಲ್ಲನ್ನು ಕೆಡಿಸುವುದು ಉಪ್ಪುನೀರು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ನೀರು ಒಣಗುವಾಗಲೇ ತೊಂದರೆ ಜಾಸ್ತಿ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಹೊಕ್ಕು, ಒಣಗಿ ಹೋಗುವಾಗ ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಆ ಉಪ್ಪು ಹರಳುಗಟ್ಟಿ ಬೆಳೆಯುತ್ತಾ ಕಲ್ಲಿನ ಕಣಗಳನ್ನು ಒಳಗಿನಿಂದಲೇ ತಳ್ಳುತ್ತದೆ. ಆ ಸಮುದ್ರದ ಮನೆಯ ಕಲ್ಲು ಗ್ರಾನೈಟ್, ನೆಲದಾಳದಲ್ಲಿ ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ರಂಧ್ರ ತೀರಾ ಕಡಿಮೆ. ನೀರೇ ಒಳಗೆ ಹೋಗದಿದ್ದರೆ ಉಪ್ಪಿಗೆ ಜಾಗ ಎಲ್ಲಿ? ಮೇಲಾಗಿ ಮನೆ ಇರುವುದು ಬಂಡೆಯ ನೆತ್ತಿಯಲ್ಲಿ, ಅಲೆ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಂತ ಗ್ರಾನೈಟ್ ಮಾತ್ರ ಒಳ್ಳೆಯ ಕಲ್ಲು ಅಂತಲ್ಲ. ನಿಮ್ಮ ಪಕ್ಕದ ಲಕ್ಕುಂಡಿಗೇ ಹೋಗಿ ನೋಡಿ. ಅಲ್ಲಿಯ ಹಳೇ ಗುಡಿಗಳದು ಬಳಪದ ಜಾತಿಯ ಮೆತ್ತನೆ ಕಲ್ಲು, ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಕೂತಿದೆ. ಸುಮಾರು ಸಾವಿರ ವರ್ಷದಿಂದ ನಿಂತಿದೆ ಕೂಡ.

ಹಾಗಾದರೆ ನಿಮ್ಮ ಗೋಡೆಗೆ ಏನಾಯಿತು? ಧಾರವಾಡದ ನಮ್ಮ ಅಜ್ಜನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಪಡಸಾಲೆಯ ಗೋಡೆಯ ಸಂದಿಯಲ್ಲಿ ಹಳೇ ಸುಣ್ಣದ ಗಚ್ಚು ಇತ್ತು. ಅಲ್ಲಲ್ಲಿ ಉದುರಿತ್ತು ಅಷ್ಟೇ. ಒಬ್ಬ ಮೇಸ್ತ್ರಿ ಬಂದು, ಅದನ್ನೆಲ್ಲ ಕೆದರಿ ತೆಗೆದು ಸಿಮೆಂಟ್ ತುಂಬಿಬಿಟ್ಟರು. ಎರಡು ಮಳೆಗಾಲ ಕಳೆಯಿತು. ಮೊಣಕಾಲೆತ್ತರದಲ್ಲಿ ಕಲ್ಲಿನ ಮೇಲೆ ಹತ್ತಿಯ ಎಳೆಯಂಥ ಬಿಳಿ ಕೂದಲು ಎದ್ದಿತ್ತು. ನಾಲಿಗೆಗೆ ತಾಗಿಸಿದರೆ ಉಪ್ಪು. ಬೆರಳಿಟ್ಟು ತಿಕ್ಕಿದರೆ ಜೋಳದ ಹಿಟ್ಟಿನ ಹಾಗೆ ಕಲ್ಲು ಉದುರುತ್ತಿತ್ತು. ನನಗೆ ನಿಜಕ್ಕೂ ಅಳು ಬಂತು.

ನೆಲದ ತೇವ ಗೋಡೆಯೊಳಗೆ ಏರುತ್ತದೆ. ಸುಣ್ಣದ ಸಂದಿ ಇದ್ದರೆ ಆ ತೇವ ಸಂದಿಯಿಂದ ಹೊರಗೆ ಹೋಗಿ ಒಣಗುತ್ತದೆ, ಕೆಟ್ಟರೆ ಸುಣ್ಣ ಕೆಡುತ್ತದೆ, ಮತ್ತೆ ತುಂಬಬಹುದು. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚಿತು, ತೇವ ಕಲ್ಲಿನಿಂದಲೇ ಹೊರಬರಬೇಕು. ಸವಳು ಬೋರ್‌ವೆಲ್ ನೀರಲ್ಲೇ ಗಾರೆ ಕಲಸಿದ್ದರೆ ಉಪ್ಪನ್ನು ನಾವೇ ಕೈಯಾರೆ ಹಾಕಿದ ಹಾಗೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. ಬಚ್ಚಲ ನೀರು, ಮಾಳಿಗೆಯಿಂದ ಸುರಿಯುವ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯಾ? ಅದನ್ನು ತಿರುಗಿಸಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆಯಬೇಡಿ, ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಆಮೇಲೆ ಸಿಮೆಂಟನ್ನು ಹುಷಾರಾಗಿ ಬಿಡಿಸಿ, ಸುಣ್ಣ ಮತ್ತು ಮರಳಿನ ಗಾರೆ ತುಂಬಿಸಿ. ಬೇಸಿಗೆಯ ಬಿಸಿಲಲ್ಲಿ ಈ ಕೆಲಸ ಬೇಡ, ಸುಣ್ಣ ನಿಧಾನಕ್ಕೆ ಗಟ್ಟಿಯಾಗಬೇಕು, ಒದ್ದೆ ಗೋಣಿ ಹೊದಿಸಿಡಿ. ಎಣ್ಣೆ ಬಣ್ಣ ಮಾತ್ರ ಬಳಿಯಲೇಬೇಡಿ.

ಪ್ರಶ್ನೆ: ಸಮುದ್ರದಲ್ಲಿ ಮುಳುಗಿ ಏಳುವ ಇಂಥ ದಾರಿ ನಮ್ಮ ದೇಶದಲ್ಲೂ ಇದೆಯಾ? ಮುಳುಗುವ ಹೊತ್ತು ಮೊದಲೇ ಗೊತ್ತಾಗುತ್ತದಾ?
– ಓದುಗರು, ಹಾವೇರಿ

ಉತ್ತರ: ಮುಂಬೈಯ ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಇದೇ ತರಹದ್ದು, ಭರತದಲ್ಲಿ, ಅಂದರೆ ಸಮುದ್ರದ ನೀರು ಏರಿದಾಗ, ಮುಳುಗುತ್ತದೆ. ಹೊತ್ತು ಮೊದಲೇ ಗೊತ್ತಾಗುತ್ತದೆ, ಯಾಕೆಂದರೆ ಇದು ಚಂದ್ರನ ಲೆಕ್ಕ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಏರಿಳಿತ ಜಾಸ್ತಿ. ಕಾರ್ನ್‌ವಾಲ್‌ನ ಆ ಕೊಲ್ಲಿಯಲ್ಲಿ ಆಗ ನೀರು ಐದು ಮೀಟರ್ ಹತ್ತಿರ ಏರಿ ಇಳಿಯುತ್ತದೆ. ನಮ್ಮ ಕಾರವಾರದಲ್ಲಿ ಅಷ್ಟಿಲ್ಲ.

ಪ್ರಶ್ನೆ: ಹುಬ್ಬಳ್ಳಿ ಹತ್ತಿರ ನಮ್ಮದೊಂದು ಹಳೇ ವಾಡೆ ಇದೆ. ಮೂವರು ಅಣ್ಣತಮ್ಮಂದಿರು, ಮೂವರೂ ಬೇರೆ ಊರಲ್ಲಿದ್ದೇವೆ. ಕೆಡವಿ ಸೈಟ್ ಮಾಡಿ ಮಾರೋಣ ಎಂಬ ಮಾತು ನಡೆದಿದೆ. ಏನು ಮಾಡೋಣ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ಮೇಲೆ ಹೇಳಿದ ಸೇಂಟ್ ಆಬಿನ್ ಮನೆತನ 1954ರಲ್ಲಿ ಆ ಮನೆಯನ್ನು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಕೊಟ್ಟಿತು. ಆದರೆ ಮನೆತನದವರು ಅಲ್ಲೇ ವಾಸ ಮಾಡಲು 999 ವರ್ಷದ ಲೀಸ್ ಬರೆಸಿಕೊಂಡರು. ಹೀಗೆ ಮನೆ ನೋಡಲು ಜನ ಬರುತ್ತಾರೆ, ಒಳಗೆ ದೀಪ ಹಚ್ಚುವವರೂ ಇದ್ದಾರೆ. ನಮ್ಮಲ್ಲಿ ಹಾಗೇ ಬರೆದುಕೊಡಲು ಆಗಲಿಕ್ಕಿಲ್ಲ. ಆದರೂ 1984ರಲ್ಲಿ ಶುರುವಾದ ಇಂಟ್ಯಾಕ್ ಎಂಬ ಸಂಸ್ಥೆ ಹಳೇ ಕಟ್ಟಡಗಳ ಉಳಿವಿಗೇ ಕೆಲಸ ಮಾಡುತ್ತದೆ, ಒಮ್ಮೆ ಕೇಳಿ ನೋಡಿ. ಮಾರುವ ಮಾತು ಪಕ್ಕಾ ಆಗುವ ಮೊದಲು ಮೂವರೂ ಒಂದು ದಿನ ಅಲ್ಲಿ ಸೇರಿ. ಪಡಸಾಲೆ, ಬೆಳಕಿಂಡಿ, ಕೆತ್ತನೆಯ ಬಾಗಿಲು, ತೊಲೆ, ಎಲ್ಲವನ್ನೂ ಅಳತೆ ಹಿಡಿದು ಫೋಟೊ ತೆಗೆಯಿರಿ. ಆ ರಾತ್ರಿ ಅಲ್ಲೇ ಮಲಗಿ.