ಡ್ಯಾಶ್‌ಬೋರ್ಡ್ ಯಾರು ನೋಡುತ್ತಾರೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಲೆಕ್ಕವನ್ನು ಚಿತ್ರ ಮಾಡಿ ಒಂದೇ ಪರದೆಯಲ್ಲಿ (ಇದೇ ಡ್ಯಾಶ್‌ಬೋರ್ಡ್) ತೋರಿಸುವ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಹಿಡಿಯೋದು? ಪವರ್ ಬಿಐ, ಟ್ಯಾಬ್ಲೋ, ಲುಕರ್ ಸ್ಟುಡಿಯೋ, ಇನ್ನೂ ಹಲವು ಹೆಸರು ಕೇಳಿ ತಲೆ ತಿರುಗುತ್ತಿದೆ ಅಂತ ಒಬ್ಬರು ಬರೆದಿದ್ದಾರೆ. ಹುಬ್ಬಳ್ಳಿ-ಧಾರವಾಡದ ಅಂಗಡಿ, ಸಂಘ, ಸಣ್ಣ ಕಾರ್ಖಾನೆಗಳ ಲೆಕ್ಕ ನೋಡಿ ವರದಿ ಮಾಡಿಕೊಡುವುದೇ ನನ್ನ ದಿನದ ಕೆಲಸ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕ ಟ್ಯಾಲಿಯಲ್ಲಿದೆ, ದಿನದ ಲಾಟುಗಳ ಧಾರಣೆ ಎಕ್ಸೆಲ್‌ನಲ್ಲಿದೆ. ಬೆಂಗಳೂರಿನಲ್ಲಿರುವ ಅಣ್ಣ ಟ್ಯಾಬ್ಲೋ ತಗೋ ಅಂತಾನೆ. ಆಡಿಟರ್ ಪವರ್ ಬಿಐ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಆಡಿಟರ್ ಮಾತು ಕೇಳಿ. ಅಣ್ಣ ಹೇಳಿದ್ದು ತಪ್ಪು ಅಂತಲ್ಲ. ಟ್ಯಾಬ್ಲೋ ನಿಜಕ್ಕೂ ಒಳ್ಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಕಂಪನಿ ಅದು. 2019ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಕೊಂಡುಕೊಂಡಿತು. ಕಾಲಂ ಎಳೆದು ಬಿಟ್ಟರೆ ಚಿತ್ರ ಮೂಡುತ್ತದೆ. ಚಿತ್ರದ ಪ್ರತಿ ಗೆರೆ, ಬಣ್ಣದ ಮೇಲೂ ನಿಮಗೆ ಹಿಡಿತ ಇರುತ್ತದೆ. ಡೇಟಾ ಏನು ಹೇಳುತ್ತಿದೆ ಅಂತ ಗೊತ್ತಿಲ್ಲದೆ ಹುಡುಕಲು ಕೂತಾಗ ನನಗೆ ಇವತ್ತಿಗೂ ಟ್ಯಾಬ್ಲೋನೇ ಇಷ್ಟ.

ಆದರೆ ಖರ್ಚು ನೋಡಿ. ನಾನು ಇದನ್ನು ಬರೆಯುವಾಗ ಟ್ಯಾಬ್ಲೋದಲ್ಲಿ ವರದಿ ತಯಾರಿಸುವ ಒಬ್ಬರಿಗೆ ತಿಂಗಳಿಗೆ 75 ಡಾಲರ್, ಬರೀ ನೋಡುವವರಿಗೆ ತಲಾ 15 ಡಾಲರ್, ಅದೂ ವರ್ಷದ ಲೆಕ್ಕದಲ್ಲಿ. ಪವರ್ ಬಿಐನ ದುಡ್ಡು ಕೊಡುವ ಆವೃತ್ತಿ ಪ್ರೊ, ತಯಾರಿಸುವವರಿಗೂ ನೋಡುವವರಿಗೂ ತಲಾ 14 ಡಾಲರ್. 2025ರ ಏಪ್ರಿಲ್‌ಗೆ ಮುಂಚೆ 10 ಇತ್ತು. ಅಂಗಡಿಯಲ್ಲಿ ಐದು ಜನ ನೋಡುತ್ತಾರೆ, ಅವರಲ್ಲಿ ಒಬ್ಬರು ತಯಾರಿಸುತ್ತಾರೆ ಅಂತಿಟ್ಟುಕೊಳ್ಳಿ. ಟ್ಯಾಬ್ಲೋಗೆ ತಿಂಗಳಿಗೆ 135 ಡಾಲರ್, ಪವರ್ ಬಿಐಗೆ 70. ತೆರಿಗೆ ಬೇರೆ.

ನಿಮಗೆ 70 ಡಾಲರ್ ಕೂಡ ಬೇಡ. ಪವರ್ ಬಿಐ ಡೆಸ್ಕ್‌ಟಾಪ್ ಪೂರ್ತಿ ಉಚಿತ. ವಿಂಡೋಸ್ ಕಂಪ್ಯೂಟರ್ ಇದ್ದರೆ ಆಯಿತು. ಅದರಲ್ಲಿ ವರದಿ ಮಾಡಿ, ಪಿಡಿಎಫ್ ತೆಗೆದು, ಮಾರುಕಟ್ಟೆ ಮುಗಿದ ಸಂಜೆ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ನಿಮ್ಮ ತಂದೆಯವರು ಲಾಗಿನ್ ಆಗಿ, ಫಿಲ್ಟರ್ ಒತ್ತಿ ನೋಡುತ್ತಾರಾ? ನೋಡುವುದಾದರೆ ಪ್ರೊ ತಗೊಳ್ಳಿ. ಇಲ್ಲವೆಂದರೆ ದುಡ್ಡು ಯಾಕೆ ಸುರಿಯಬೇಕು?

ಇನ್ನೊಂದು ಅನುಕೂಲ ಇದೆ. ಪವರ್ ಬಿಐ ಒಳಗೆ ಡೇಟಾ ಹಸನು ಮಾಡುವ ಪವರ್ ಕ್ವೆರಿ ಅನ್ನೋದು 2016ರಿಂದ ಎಕ್ಸೆಲ್ ಒಳಗೇ ಇದೆ. ನೀವು ಈಗಾಗಲೇ ಎಕ್ಸೆಲ್ ಬಳಸುವವರು. ಕಲಿತದ್ದು ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಟ್ಯಾಲಿಯಿಂದ ವರದಿಯನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಒಂದು ಫೋಲ್ಡರ್‌ನಲ್ಲಿ ಹಾಕುತ್ತಾ ಹೋಗಿ. ಇಡೀ ಫೋಲ್ಡರನ್ನೇ ಪವರ್ ಕ್ವೆರಿ ಓದಿಕೊಳ್ಳುತ್ತದೆ.

ಈಗ ನಿಮ್ಮ ವ್ಯಾಪಾರದ ಮುಖ್ಯ ಮಾತಿಗೆ ಬರುತ್ತೇನೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಎಂಬ ತಳಿಗಳೆಲ್ಲ ಒಂದೇ ದಿನ ಬರುತ್ತವೆ. ಧಾರಣೆಯಲ್ಲಿ ಅಜಗಜಾಂತರ. ಲೆಕ್ಕ ತಿಳಿಯಲು ಒಂದು ಉದಾಹರಣೆ ಹೇಳುತ್ತೇನೆ. ಒಳ್ಳೆಯ ಡಬ್ಬಿ 2 ಚೀಲ, ಕ್ವಿಂಟಲ್‌ಗೆ 45,000 ರೂಪಾಯಿ. ಸಾಧಾರಣ ಮಾಲು 60 ಚೀಲ, ಕ್ವಿಂಟಲ್‌ಗೆ 18,000. ಚೀಲದ ತೂಕ ಒಂದೇ ಅಂದುಕೊಳ್ಳೋಣ. ಧಾರಣೆಯ ಕಾಲಂ ಎಳೆದು ಹಾಕಿದ ಕೂಡಲೇ ಪವರ್ ಬಿಐ ಅದನ್ನು ಕೂಡಿಸಿಬಿಡುತ್ತದೆ: 63,000. ಟ್ಯಾಬ್ಲೋನೂ ಹಾಗೇ ಮಾಡುತ್ತದೆ. ಧಾರಣೆಯನ್ನು ಕೂಡಿಸಿದರೆ ಏನರ್ಥ? ಸರಿ ಅಂತ ಸರಾಸರಿಗೆ ಬದಲಿಸಿದರೆ 31,500 ಬರುತ್ತದೆ. ಇದೂ ಸುಳ್ಳೇ. ಆ ದಿನ ನಿಮ್ಮ ಅಂಗಡಿಯಲ್ಲಿ ಆ ಧಾರಣೆಗೆ ಒಂದು ಕಾಯಿಯೂ ಮಾರಾಟ ಆಗಿಲ್ಲ. ಒಟ್ಟು ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿದಾಗ ಬರುವ ಸುಮಾರು 18,871 ರೂಪಾಯಿ ನಿಜವಾದ ಸರಾಸರಿ. ಪವರ್ ಬಿಐನಲ್ಲಿ ಇದಕ್ಕೆ ಒಂದು ಸಾಲಿನ ಮೆಷರ್, ಅಂದರೆ ಲೆಕ್ಕದ ಸೂತ್ರ, ಬರೆಯಬೇಕು. ಟ್ಯಾಬ್ಲೋದಲ್ಲಿ ಕ್ಯಾಲ್ಕುಲೇಟೆಡ್ ಫೀಲ್ಡ್ ಮಾಡಬೇಕು. ಎರಡರಲ್ಲೂ ಕಷ್ಟವಿಲ್ಲ, ಆದರೆ ಎರಡೂ ತಾವಾಗಿ ಮಾಡಿಕೊಡುವುದಿಲ್ಲ. ತಳಿವಾರು ಬೇರೆ ಬೇರೆ ಗೆರೆ ಹಾಕಿದರೆ ಇನ್ನೂ ಒಳ್ಳೆಯದು. ಡಬ್ಬಿಯನ್ನೂ ಗುಂಟೂರನ್ನೂ ಬೆರೆಸಿದ ಸರಾಸರಿ ಯಾವ ರೈತನಿಗೂ ಬೇಕಾಗಿಲ್ಲ.

ತಾರೀಖಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಹತ್ತಿರ ಬರುವ ಫೈಲುಗಳಲ್ಲಿ ಇದು ಜಾಸ್ತಿ. 5/3/2025 ಅಂದರೆ ನಮಗೆ ಮಾರ್ಚ್ 5. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದಕ್ಕೆ ಅದು ಮೇ 3. 12ನೇ ತಾರೀಖಿನವರೆಗೆ ತಪ್ಪು ಯಾರಿಗೂ ಕಾಣುವುದಿಲ್ಲ. 13ರಿಂದ ಎರರ್ ಶುರುವಾಗುತ್ತದೆ, ಯಾಕಂದ್ರೆ 13ನೇ ತಿಂಗಳು ಇಲ್ಲವಲ್ಲ. ಎರರ್ ಬಂದ ಸಾಲುಗಳನ್ನು ಅಳಿಸಿ ಮುಂದೆ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪವರ್ ಕ್ವೆರಿಯಲ್ಲಿ ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ, ಟೈಪ್ ಬದಲಿಸುವಾಗ 'ಯೂಸಿಂಗ್ ಲೊಕೇಲ್' ಆಯ್ದು, ಇಂಗ್ಲಿಷ್ ಇಂಡಿಯಾ ಅಂತ ಕೊಡಿ. ಇಲ್ಲದಿದ್ದರೆ ಮಾರ್ಚ್ ಆವಕ ಮೇ ತಿಂಗಳಿಗೆ ಹೋಗಿ ಕೂತಿರುತ್ತದೆ.

ಪ್ರಶ್ನೆ: ಗದಗದಲ್ಲಿ ಬಿಕಾಂ ಕೊನೇ ವರ್ಷದಲ್ಲಿದ್ದೇನೆ. ಡೇಟಾ ಅನಲಿಸ್ಟ್ ಆಗಬೇಕೆಂಬ ಆಸೆ. ಪವರ್ ಬಿಐ ಕಲಿಯಲಾ, ಟ್ಯಾಬ್ಲೋ ಕಲಿಯಲಾ? ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ್‍ಯಾಮ್ ಮಾತ್ರ ಇದೆ.

ಮೊದಲು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಭಾಷೆ, ಕಲಿಯಮ್ಮ. ನೀನು ಕೇಳಿದ ಎರಡು ಹೆಸರಲ್ಲಿ ಅದು ಇಲ್ಲ ಅಂತ ಗೊತ್ತು. ಆದರೆ ಟೂಲ್ ಯಾವುದೇ ಇರಲಿ, ಡೇಟಾ ಮಾತ್ರ ಡೇಟಾಬೇಸ್‌ನಲ್ಲೇ ಇರುತ್ತದೆ. ಅಲ್ಲಿಂದ ಬೇಕಾದ್ದನ್ನು ತೆಗೆಯಲು ಬಂದರೆ ಉಳಿದದ್ದು ಸಲೀಸು. ಅದಕ್ಕೆ 4 ಜಿಬಿ ಧಾರಾಳ ಸಾಕು.

ಆಮೇಲೆ ಪವರ್ ಬಿಐ. ಬಿಕಾಂ ಓದಿದವರಿಗೆ ಎಕ್ಸೆಲ್ ಗೊತ್ತಿರುತ್ತದೆ, ದಾರಿ ಹತ್ತಿರ. ಡೆಸ್ಕ್‌ಟಾಪ್ ಆವೃತ್ತಿ 4 ಜಿಬಿಯಲ್ಲಿ ನಡೆಯುತ್ತದೆ, ಆದರೆ ತೆವಳುತ್ತದೆ. ಕ್ರೋಮ್ ಮುಚ್ಚಿ ಕೆಲಸ ಮಾಡು. ಸಾಧ್ಯವಾದರೆ 8 ಜಿಬಿ ಮಾಡಿಸು. ಇನ್ನೊಂದು ತೊಡಕು ಹೇಳುತ್ತೇನೆ: ಪವರ್ ಬಿಐನ ಆನ್‌ಲೈನ್ ಸೇವೆಗೆ ಜಿಮೇಲ್ ವಿಳಾಸ ಕೊಟ್ಟರೆ ಒಪ್ಪುವುದಿಲ್ಲ. ಕಾಲೇಜಿನ ಅಥವಾ ಆಫೀಸಿನ ಇಮೇಲ್ ಬೇಕು. ಡೆಸ್ಕ್‌ಟಾಪ್‌ಗೆ ಆ ಗೊಡವೆ ಇಲ್ಲ, ಸೈನ್ ಇನ್ ಆಗದೆಯೂ ಕಲಿಯಬಹುದು.

ಟ್ಯಾಬ್ಲೋ ಕೈಬಿಡಬೇಡ. ಟ್ಯಾಬ್ಲೋ ಪಬ್ಲಿಕ್ ಉಚಿತ. ಮಾಡಿದ್ದನ್ನು ಪ್ರಕಟಿಸಿದರೆ ಇಡೀ ಲೋಕಕ್ಕೆ ಕಾಣುತ್ತದೆ. ಕೆಲಸ ಹುಡುಕುವವರಿಗೆ ಇದೇ ಲಾಭ, ಸಂದರ್ಶನದಲ್ಲಿ ಲಿಂಕ್ ತೋರಿಸಬಹುದು. ಆದರೆ ಯಾವುದೇ ಕಂಪನಿಯ ಒಳಗಿನ ಡೇಟಾ ಅಲ್ಲಿ ಹಾಕಕೂಡದು.

ಏನು ಪ್ರಾಜೆಕ್ಟ್ ಮಾಡೋದು ಅಂತ ಮುಂದೆ ಕೇಳುತ್ತೀಯಾ, ಅಲ್ವಾ? ಇಂಟರ್‌ನೆಟ್‌ನಲ್ಲಿ ಎಲ್ಲರೂ ಮಾಡುವ ಟೈಟಾನಿಕ್ ಪ್ರಯಾಣಿಕರ ಪಟ್ಟಿ ಬಿಡು. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಎಪಿಎಂಸಿಗಳ ಆವಕ, ಧಾರಣೆ ಸಿಗುತ್ತದೆ. ಗದಗ ಮಾರುಕಟ್ಟೆಯ ಹೆಸರುಕಾಳು, ಶೇಂಗಾ, ಈರುಳ್ಳಿ ತಗೋ. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಜೊತೆ ಹೋಲಿಸು. ಆವಕ ಏರಿದ ವಾರ ಧಾರಣೆ ಎಷ್ಟು ಇಳಿಯಿತು? ಎರಡು ಊರಿನ ನಡುವಿನ ವ್ಯತ್ಯಾಸ ಲಾರಿ ಬಾಡಿಗೆಗಿಂತ ಜಾಸ್ತಿ ಇತ್ತಾ? ಈ ಪ್ರಶ್ನೆ ನಿನ್ನ ಸುತ್ತಮುತ್ತಲಿನ ಜನರದ್ದು. ಉತ್ತರ ಸರಿಯೋ ತಪ್ಪೋ ಅಂತ ಮಾರುಕಟ್ಟೆಗೆ ಹೋಗಿ ಹಮಾಲರನ್ನೇ ಕೇಳಿ ತಿಳಿಯಬಹುದು. ಇಂಥ ಒಂದು ಕೆಲಸ ಹತ್ತು ಸರ್ಟಿಫಿಕೇಟಿಗೆ ಸಮ.

ಪ್ರಶ್ನೆ: ಧಾರವಾಡ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆ ಬಗ್ಗೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಕಾರ್ಯಕರ್ತೆಯರು ಗೂಗಲ್ ಫಾರ್ಮ್ ತುಂಬುತ್ತಾರೆ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಹಳೆಯ ಕನ್ನಡ ಫೈಲುಗಳು ಬೇರೆ ಕಡೆ ಹಾಕಿದರೆ ವಿಚಿತ್ರ ಅಕ್ಷರ ಬರುತ್ತವೆ. ಏನು ಮಾಡೋದು?

ನಿಮಗೆ ಲುಕರ್ ಸ್ಟುಡಿಯೋ ಸರಿಹೊಂದುತ್ತದೆ. ಗೂಗಲ್ 2016ರಲ್ಲಿ ಡೇಟಾ ಸ್ಟುಡಿಯೋ ಅಂತ ತಂದದ್ದಕ್ಕೆ 2022ರಲ್ಲಿ ಇಟ್ಟ ಹೆಸರು ಇದು. ಉಚಿತ. ಫಾರ್ಮ್‌ನ ಉತ್ತರ ಶೀಟ್‌ಗೆ ಬೀಳುತ್ತದೆ, ಶೀಟ್‌ನಿಂದ ವರದಿಗೆ ಬರುತ್ತದೆ. ಮಾಮೂಲಾಗಿ 15 ನಿಮಿಷಕ್ಕೊಮ್ಮೆ ಹೊಸ ಡೇಟಾ ತರುತ್ತದೆ. ಬ್ರೌಸರ್‌ನಲ್ಲೇ ಎಲ್ಲ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಲೆಕ್ಕಾಚಾರ ಜಟಿಲವಾದರೆ, ನಾಲ್ಕಾರು ಶೀಟ್ ಜೋಡಿಸಬೇಕಾದರೆ ಅದು ಒದ್ದಾಡುತ್ತದೆ. ನಿಮ್ಮ ಕೆಲಸಕ್ಕೆ ಆ ಮಟ್ಟ ಬೇಕಾಗದು.

ವಿಚಿತ್ರ ಅಕ್ಷರಕ್ಕೆ ಕಾರಣ ಹಳೆಯ ನುಡಿ ಫಾಂಟ್. ಅದರಲ್ಲಿ ಬರೆದ 'ಅಳ್ನಾವರ' ಕಂಪ್ಯೂಟರ್‌ಗೆ ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆ, ಮೇಲೆ ಕನ್ನಡದ ಆಕಾರ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಪವರ್ ಬಿಐ, ಟ್ಯಾಬ್ಲೋ ಯಾವುದರಲ್ಲಿ ಹಾಕಿದರೂ ಇದೇ ಕಥೆ. ಉಚಿತ ಪರಿವರ್ತಕಗಳಿವೆ, ಹಳೆಯ ಫೈಲನ್ನೆಲ್ಲ, ಎಲ್ಲ ಕಂಪ್ಯೂಟರ್‌ಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ತಂದುಬಿಡಿ. ಎಕ್ಸೆಲ್‌ನಿಂದ ಸಿಎಸ್‌ವಿ (ಬರೀ ಅಕ್ಷರ, ಅಲ್ಪವಿರಾಮಗಳ ಸಾದಾ ಫೈಲು) ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನುವುದನ್ನೇ ಆರಿಸಿ. ಬರೀ ಸಿಎಸ್‌ವಿ ಅಂದರೆ ಕನ್ನಡದ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಹೋದ ಅಕ್ಷರ ಆ ಫೈಲಿನಿಂದ ವಾಪಸ್ ಬರುವುದಿಲ್ಲ. ಹಳ್ಳಿ ಹೆಸರನ್ನು ಫಾರ್ಮ್‌ನಲ್ಲಿ ಟೈಪ್ ಮಾಡಲು ಬಿಡಬೇಡಿ. ಪಟ್ಟಿ ಕೊಟ್ಟು ಆರಿಸಲು ಹೇಳಿ. ಇಲ್ಲವಾದರೆ ಒಂದೇ ಹಳ್ಳಿ ಮೂರು ಕಾಗುಣಿತದಲ್ಲಿ ಮೂರು ಹಳ್ಳಿ ಆಗುತ್ತದೆ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. ನಿಮ್ಮ ಶೀಟ್‌ನಲ್ಲಿ ಮಕ್ಕಳ ಹೆಸರು, ತೂಕ, ತಾಯಿಯ ಫೋನ್ ನಂಬರ್ ಇದ್ದೇ ಇರುತ್ತವೆ. ವರದಿಗೆ ಆ ಶೀಟನ್ನು ನೇರ ಜೋಡಿಸಬೇಡಿ. ಹಳ್ಳಿ, ತಿಂಗಳು, ಎಷ್ಟು ಮಕ್ಕಳು ಅನ್ನುವ ಮೊತ್ತ ಮಾತ್ರ ಇರುವ ಬೇರೆ ಶೀಟ್ ಮಾಡಿ ಅದನ್ನು ಜೋಡಿಸಿ. 'ಲಿಂಕ್ ಇದ್ದವರೆಲ್ಲ ನೋಡಬಹುದು' ಅನ್ನುವ ಆಯ್ಕೆ ಬೇಡವೇ ಬೇಡ. ಒಬ್ಬೊಬ್ಬರ ಇಮೇಲ್ ಹಾಕಿ ಅನುಮತಿ ಕೊಡಿ. ಒಂದು ಹಳ್ಳಿಯಲ್ಲಿ ಒಂದೇ ಮಗು ತೀರಾ ತೂಕ ಕಡಿಮೆ ಇದ್ದರೆ, ಹೆಸರಿಲ್ಲದಿದ್ದರೂ ಊರವರಿಗೆ ಆ ಮಗು ಯಾವುದು ಅಂತ ತಿಳಿಯುತ್ತದೆ. ಅಂಥಲ್ಲಿ ಎರಡು ಮೂರು ಹಳ್ಳಿ ಸೇರಿಸಿ ತೋರಿಸಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ. ಮೆಟಾಬೇಸ್, ಸೂಪರ್‌ಸೆಟ್ ತರಹದ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಸಾಕಾ?

ಸರ್ವರ್ ನೋಡಿಕೊಳ್ಳುವವರು ನಿಮ್ಮಲ್ಲೇ ಇದ್ದಾರೆ, ಹಾಗಾಗಿ ಸಾಕು. ಮೆಟಾಬೇಸ್‌ನಿಂದ ಶುರು ಮಾಡಿ, ಎಸ್‌ಕ್ಯೂಎಲ್ ಬರದವರೂ ಪ್ರಶ್ನೆ ಕೇಳಬಹುದು. ಸೂಪರ್‌ಸೆಟ್ ಏರ್‌ಬಿಎನ್‌ಬಿಯಲ್ಲಿ ಹುಟ್ಟಿ ಅಪಾಚೆ ಫೌಂಡೇಶನ್‌ಗೆ ಬಂದದ್ದು. ಚಾರ್ಟ್ ಬಗೆ ಜಾಸ್ತಿ, ಹೊಂದಿಸುವ ಕೆಲಸವೂ ಜಾಸ್ತಿ. ಲೈಸೆನ್ಸ್ ಖರ್ಚಿಲ್ಲ ಅಂದಮಾತ್ರಕ್ಕೆ ಬಿಟ್ಟಿ ಅಲ್ಲ. ಬ್ಯಾಕಪ್, ಅಪ್‌ಡೇಟ್ ಯಾರ ಹೊಣೆ ಅಂತ ಮೊದಲೇ ಬರೆದಿಡಿ. ಡ್ಯಾಶ್‌ಬೋರ್ಡನ್ನು ಗ್ರಾಹಕರ ಮುಖ್ಯ ಡೇಟಾಬೇಸ್‌ಗೆ ನೇರ ಜೋಡಿಸಬೇಡಿ, ಓದಲು ಮಾತ್ರ ಇರುವ ಪ್ರತಿಗೆ ಜೋಡಿಸಿ.

ಪ್ರಶ್ನೆ: ನಾನು ಗದಗ ಜಿಲ್ಲೆಯ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ವಾರ್ಷಿಕ ಸಭೆಗೆ ಹನ್ನೊಂದು ಬಗೆಯ ಸಾಲಗಳ 3ಡಿ ಪೈ ಚಾರ್ಟ್ ಮಾಡಿದ್ದೇವೆ. ಇನ್ನೂ ಚೆಂದ ಮಾಡಲು ಯಾವ ಸಾಫ್ಟ್‌ವೇರ್ ಬೇಕು?

ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸಾಕು. ಬದಲಾಗಬೇಕಾದದ್ದು ಚಾರ್ಟ್. 1984ರಲ್ಲಿ ಕ್ಲೀವ್‌ಲ್ಯಾಂಡ್, ಮೆಗಿಲ್ ಎಂಬ ಇಬ್ಬರು ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಜನರಿಗೆ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಒಂದೇ ಗೆರೆಯಿಂದ ಹೊರಟ ಪಟ್ಟಿಗಳ ಉದ್ದವನ್ನು ಕಣ್ಣು ಸರಿಯಾಗಿ ಅಳೆಯುತ್ತದೆ, ಕೋನವನ್ನು ಅಷ್ಟು ಸರಿಯಾಗಿ ಅಳೆಯುವುದಿಲ್ಲ ಅಂತ ಕಂಡುಕೊಂಡರು. 3ಡಿ ಮಾಡಿದರೆ ಮುಂದಿನ ಹೋಳು ಇನ್ನೂ ದಪ್ಪ ಕಾಣುತ್ತದೆ. ಸುಸ್ತಿ ಸಾಲ ಹಿಂದಿನ ಹೋಳಿನಲ್ಲಿ ಬಿದ್ದರೆ ಸದಸ್ಯರಿಗೆ ಅದು ಚಿಕ್ಕದಾಗಿ ಕಾಣುತ್ತದೆ. ಅದು ನ್ಯಾಯವಲ್ಲ, ಅಲ್ವಾ? 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರು ನೀವು. ನಿಮ್ಮ ಸದಸ್ಯರಿಗೆ ಲೆಕ್ಕ ನೆಟ್ಟಗೆ ಕಾಣಬೇಕು.

ಹನ್ನೊಂದು ಸಾಲಕ್ಕೆ ಹನ್ನೊಂದು ಅಡ್ಡ ಪಟ್ಟಿ ಹಾಕಿ. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಸುಸ್ತಿಗೆ ಮಾತ್ರ ಗಾಢ ಬಣ್ಣ, ಉಳಿದದ್ದೆಲ್ಲ ಒಂದೇ ಬಣ್ಣ. ಪಟ್ಟಿಯ ತುದಿಯಲ್ಲೇ ಮೊತ್ತ ಬರೆಯಿರಿ. ಮುಂದೆ ಪವರ್ ಬಿಐಗೆ ಹೋದರೆ ಒಂದು ಎಚ್ಚರ: ಅದು ತಾನಾಗಿ ಸಾವಿರ, ಮಿಲಿಯನ್, ಬಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ. 1 ಕೋಟಿ 20 ಲಕ್ಷ ಅನ್ನುವುದು '12 ಎಂ' ಆಗಿ ನಿಲ್ಲುತ್ತದೆ. ಡಿಸ್‌ಪ್ಲೇ ಯೂನಿಟ್‌ನಲ್ಲಿ 'ನನ್' (None, ಅಂದರೆ ಯಾವುದೂ ಬೇಡ) ಕೊಟ್ಟು, ಮೊತ್ತವನ್ನು ಒಂದು ಲಕ್ಷದಿಂದ ಭಾಗಿಸುವ ಮೆಷರ್ ಮಾಡಿ. ಚಾರ್ಟಿನ ತಲೆಬರಹದಲ್ಲಿ 'ಲಕ್ಷ ರೂಪಾಯಿಗಳಲ್ಲಿ' ಅಂತ ದಪ್ಪಕ್ಷರದಲ್ಲಿ ಹಾಕಿ. ಮುದ್ರಿಸುವ ಮುಂಚೆ ಕಪ್ಪು-ಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿ. ಸಭೆಯಲ್ಲಿ ಹಂಚುವುದು ಸಾಮಾನ್ಯವಾಗಿ ಜೆರಾಕ್ಸ್ ಪ್ರತಿಯೇ, ಸುಸ್ತಿಯ ಪಟ್ಟಿ ಅದರಲ್ಲೂ ಬೇರೆಯಾಗಿ ಕಾಣಬೇಕು.