ಭೌತಶಾಸ್ತ್ರ ಓದಲು ಯಾವ ಕಾಲೇಜು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಸಿ. ಎಂಜಿನಿಯರಿಂಗ್ ಬೇಡ, ಭೌತಶಾಸ್ತ್ರದಲ್ಲಿ ಪಿಎಚ್‌ಡಿ ತನಕ ಓದುತ್ತೇನೆ ಎನ್ನುತ್ತಾಳೆ. ದೂರ ಕಳಿಸಬೇಕೇ, ಊರಿನ ಕಾಲೇಜಿನ ಬಿಎಸ್‌ಸಿ ಸಾಕೇ?
– ಪೋಷಕರೊಬ್ಬರು, ಶಿರಸಿ

ಉತ್ತರ: ಸಿಇಟಿ ಗಡಿಬಿಡಿಯಲ್ಲಿ ಎರಡು ಅರ್ಜಿ ತಪ್ಪಿಹೋಗದಂತೆ ನೋಡಿಕೊಳ್ಳಿ. ಒಂದು ಐಎಟಿ ಎಂಬ ಪ್ರವೇಶ ಪರೀಕ್ಷೆ. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳೂ ಐಸರ್‌ಗಳ (ವಿಜ್ಞಾನ ಶಿಕ್ಷಣ, ಸಂಶೋಧನೆಗೆಂದೇ ಇರುವ ಕೇಂದ್ರದ ಸಂಸ್ಥೆಗಳು) ಪದವಿ-ಸ್ನಾತಕೋತ್ತರ ಕೂಡಿದ ಐದು ವರ್ಷದ ಬಿಎಸ್-ಎಂಎಸ್‌ಗೆ ಇದೇ ಬಾಗಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೂ ಈ ಅಂಕ ನಡೆಯುತ್ತದೆ; ಆದರೆ ಅಲ್ಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಐಎಟಿಯಲ್ಲಿ ಜೀವಶಾಸ್ತ್ರವೂ ಇದೆ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಜೀವಶಾಸ್ತ್ರ ಓದದ ಪಿಸಿಎಂಸಿಯವರು ಅಲ್ಲಿ ಊಹೆಯ ಮೇಲೆ ಗುರುತು ಹಾಕಬಾರದು. ಇನ್ನೊಂದು, ಇಂಥದೇ ಕೇಂದ್ರ ಸಂಸ್ಥೆಯಾದ ಭುವನೇಶ್ವರದ ನೈಸರ್‌ಗೆ ಇರುವ ನೆಸ್ಟ್ ಪರೀಕ್ಷೆ. ಅದರಲ್ಲಿ ಹೆಚ್ಚು ಅಂಕ ಬಂದ ಮೂರು ವಿಷಯಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ನಿಮ್ಮ ಮಗಳಿಗೆ ಅನುಕೂಲ.

ಇವು ಸಿಗದಿದ್ದರೆ ಊರಿನ ಕಾಲೇಜೂ ಆದೀತು, ನೋಡಿ ಸೇರಿಸಿದರೆ. ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಶ್ರೇಣಿಯ ಫಲಕವನ್ನು ಓದಿ ವಾಪಸ್ ಬರಬೇಡಿ. ಪ್ರಾಕ್ಟಿಕಲ್ ನಡೆಯುವ ಮಧ್ಯಾಹ್ನವೇ ಹೋಗಿ. ಬೆಳಕಿನ ಪ್ರಯೋಗಕ್ಕೆ ಬಳಸುವ ಒಂದು ಸ್ಪೆಕ್ಟ್ರೋಮೀಟರ್‌ಗೆ ಇಬ್ಬರಿದ್ದರೆ ಸರಿ. ಐದಾರು ಮಂದಿ ಮುತ್ತಿಕೊಂಡಿದ್ದರೆ ಒಬ್ಬರು ತಿರುಗಿಸುತ್ತಾರೆ, ಉಳಿದವರು ರೀಡಿಂಗ್ ನಕಲು ಮಾಡುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬರ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಕೇಳಿ ತಿರುವಿ ಹಾಕಿ: ಉತ್ತರದ ಜೊತೆ ಎಷ್ಟು ದೋಷ ಇರಬಹುದೆಂಬ ಲೆಕ್ಕವೂ ಇದೆಯೇ? ಎಲ್ಲರ ಉತ್ತರವೂ ಪಠ್ಯಪುಸ್ತಕದಲ್ಲಿ ಕೊಟ್ಟ ಸಂಖ್ಯೆಗೇ ಸರಿಯಾಗಿ ಬಂದಿದ್ದರೆ ಪ್ರಯೋಗ ನಡೆದಿಲ್ಲ ಎಂದೇ ತಿಳಿಯಿರಿ. ಕಾಯಂ ಅಧ್ಯಾಪಕರು ಎಷ್ಟು ಜನ ಎಂದೂ ವಿಚಾರಿಸಿ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ವಿಭಾಗದಲ್ಲಿ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಹೋಗುತ್ತವೆ.

ಗಣಿತವನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ. ಸುಲಭವೆಂದು ಬೇರೆ ಕಾಂಬಿನೇಷನ್ ಹಿಡಿದವರು ಎಂಎಸ್‌ಸಿಯ ಕ್ವಾಂಟಮ್ ತರಗತಿಯಲ್ಲಿ ರೇಖೀಯ ಬೀಜಗಣಿತ ಬಾರದೆ ಕಣ್ಣುಬಾಯಿ ಬಿಡುತ್ತಾರೆ.

ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಹಾಗಾಗಿ ಪಿಎಚ್‌ಡಿಗೆ ಮೊದಲು ಸಾಮಾನ್ಯವಾಗಿ ಎಂಎಸ್‌ಸಿ ಆಗಬೇಕು. ಐಐಟಿಗಳ ಎಂಎಸ್‌ಸಿಗೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಫೆಬ್ರುವರಿಯಲ್ಲಿ, ಅಂದರೆ ಅಂತಿಮ ವರ್ಷ ಮುಗಿಯುವ ಮೊದಲೇ. ತಯಾರಿ ಎರಡನೇ ವರ್ಷದಲ್ಲೇ ಶುರುವಾಗಲಿ. ಅಮೆರಿಕದ ಕನಸಿದ್ದರೆ ಇನ್ನೂ ಒಂದು ಲೆಕ್ಕವಿದೆ: ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ, 12ಕ್ಕೆ 3 ಸೇರಿದರೆ 15 ಮಾತ್ರ.

ಅಲ್ಲಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳೂ ಬೇಕು. ‘ಶ್ರದ್ಧೆಯ ವಿದ್ಯಾರ್ಥಿನಿ’ ಎಂದಷ್ಟೇ ಬರೆದ ಪತ್ರಕ್ಕೆ ತೂಕವಿಲ್ಲ, ಅವಳ ಕೆಲಸವನ್ನು ಹತ್ತಿರದಿಂದ ಕಂಡವರು ಬರೆಯಬೇಕು. ಸಣ್ಣ ಊರಿನ ಕಾಲೇಜಿನವರಿಗೆ ಇದಕ್ಕಿರುವ ಒಳ್ಳೆಯ ದಾರಿ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಎರಡು ತಿಂಗಳು ಲ್ಯಾಬಿನಲ್ಲಿ ವಿಜ್ಞಾನಿಯೊಬ್ಬರ ಜೊತೆ ಕೆಲಸ. ಬೇಸಿಗೆಯದೆಂದು ಮಾರ್ಚಿನವರೆಗೆ ಕಾದರೆ ಕೆಟ್ಟಿರಿ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಮತ್ತು ಅದಕ್ಕೂ ಒಬ್ಬ ಅಧ್ಯಾಪಕರ ಪತ್ರ ಬೇಕು.