ಅಪ್ಪ ಬರುತ್ತಾರೆ, ಫಾದರ್ ಕಮ್ಸ್

ಪ್ರಶ್ನೆ: 'ಮೈ ಫಾದರ್ ವರ್ಕ್ ಇನ್ ಎ ಬ್ಯಾಂಕ್' ಎಂದು ಬರೆದದ್ದಕ್ಕೆ ಟೀಚರ್ ತಪ್ಪು ಹಾಕಿದರು. ಅಪ್ಪನನ್ನು ಏಕವಚನದಲ್ಲಿ ಹೇಳುವುದು ಸರಿಯೇ? 'ಎಸ್' ಸೇರಿಸುವ ನಿಯಮ ಬಾಯಿಪಾಠವಾಗಿದ್ದರೂ ಬರೆಯುವಾಗ ಬಿಟ್ಟುಹೋಗುತ್ತದೆ.
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸರಿಯೇ. 'ವರ್ಕ್ಸ್' ಎಂದೇ ಬರೆಯಬೇಕು. ಅಪ್ಪ ಒಬ್ಬರೇ ಆದರೂ ನಾವು 'ಕೆಲಸ ಮಾಡುತ್ತಾರೆ' ಎನ್ನುತ್ತೇವೆ. ಅದು ಗೌರವಾರ್ಥಕ ಬಹುವಚನ. ಇಂಗ್ಲಿಷಿನಲ್ಲಿ ಆ ಪದ್ಧತಿ ಇಲ್ಲ. ತಂದೆಯಾಗಲಿ, ಪ್ರಿನ್ಸಿಪಾಲರಾಗಲಿ, ಪ್ರಧಾನಿಯಾಗಲಿ, ನಾವು ಮಾತನಾಡುತ್ತಿರುವುದು ಒಬ್ಬರ ಬಗ್ಗೆ ಎಂದರೆ ವರ್ತಮಾನ ಕಾಲದ ಕ್ರಿಯಾಪದಕ್ಕೆ ಎಸ್ ಬರಲೇಬೇಕು. ಅದರಲ್ಲಿ ಅಗೌರವ ಕಿಂಚಿತ್ತೂ ಇಲ್ಲ.

ಕನ್ನಡ ಬಲ್ಲವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಓದುತ್ತೇನೆ, ಓದುತ್ತೀಯ, ಓದುತ್ತಾನೆ, ಓದುತ್ತಾಳೆ, ಓದುತ್ತದೆ, ಓದುತ್ತಾರೆ ಎಂದು ಇಷ್ಟೊಂದು ರೂಪಗಳನ್ನು ಯೋಚಿಸದೆ ಬಳಸುತ್ತೀರಿ. ಇಂಗ್ಲಿಷಿನಲ್ಲಿರುವುದು ಎರಡೇ: ರೀಡ್, ರೀಡ್ಸ್. ಹಿ, ಶಿ, ಇಟ್‌ಗೆ ರೀಡ್ಸ್. ಐ, ಯು, ವಿ, ದೇ ಬಂದರೆ ರೀಡ್. 'ಯು' ಒಬ್ಬರನ್ನೇ ಸೂಚಿಸಿದರೂ ಎಸ್ ಇಲ್ಲ.

ಗೊತ್ತಿದ್ದೂ ಏಕೆ ತಪ್ಪುತ್ತದೆ? ನಾಮಪದಕ್ಕೆ ಎಸ್ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಒಂದೇ ಅಕ್ಷರಕ್ಕೆ ಎರಡು ವಿರುದ್ಧ ಕೆಲಸ! 'ದಿ ಗರ್ಲ್ ಸಿಂಗ್ಸ್', 'ದಿ ಗರ್ಲ್ಸ್ ಸಿಂಗ್': ಹೀಗೆ ಎಸ್ ಸಾಮಾನ್ಯವಾಗಿ ಒಂದು ಕಡೆ ಮಾತ್ರ ಇರುತ್ತದೆ. ಆದರೆ ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ. 'ಚಿಲ್ಡ್ರನ್', 'ಪೀಪಲ್' ಎಸ್ ಇಲ್ಲದೆಯೇ ಬಹುವಚನ, ಹಾಗಾಗಿ 'ಪೀಪಲ್ ಸೇ'. ನಂಬಬಹುದಾದ ದಾರಿ ಬೇರೆ. ಕರ್ತೃಪದದ ಜಾಗದಲ್ಲಿ ಸರ್ವನಾಮ ಇಟ್ಟು ನೋಡಿ. 'ಮೈ ಫಾದರ್' ಎಂದರೆ ಹಿ, 'ಮೈ ಫಾದರ್ ಆ್ಯಂಡ್ ಅಂಕಲ್' ಎಂದರೆ ದೇ. 'ಒನ್ ಆಫ್ ಮೈ ಫ್ರೆಂಡ್ಸ್' ಎಂಬಲ್ಲಿ ಕ್ರಿಯಾಪದದ ಪಕ್ಕದ 'ಫ್ರೆಂಡ್ಸ್' ದಾರಿ ತಪ್ಪಿಸುತ್ತದೆ. ಲೆಕ್ಕಕ್ಕೆ ಬರುವುದು 'ಒನ್', ಆದ್ದರಿಂದ 'ಲಿವ್ಸ್ ಇನ್ ಮೈಸೂರು'. 'ಎವ್ರಿಬಡಿ'ಯೂ ಹಾಗೆಯೇ. ಕನ್ನಡದಲ್ಲಿ 'ಎಲ್ಲರಿಗೂ ಗೊತ್ತು' ಎಂದರೆ ಬಹುವಚನ, ಇಂಗ್ಲಿಷಿನಲ್ಲಿ 'ಎವ್ರಿಬಡಿ ನೋಸ್'.

ಪ್ರಶ್ನೆ: 'ಶಿ ಡಸಂಟ್ ಗೋಸ್' ಎನ್ನುವುದು ಏಕೆ ತಪ್ಪು? 'ಶಿ' ಇದೆಯಲ್ಲ?
– ಗೃಹಿಣಿ, ದಾವಣಗೆರೆ

ಉತ್ತರ: ಎಸ್ ಆಗಲೇ 'ಡಸ್' ಒಳಗೆ ಸೇರಿಹೋಗಿದೆ. 'ಡೂ' ಎಂಬುದೇ 'ಶಿ'ಗಾಗಿ 'ಡಸ್' ಆಯಿತು. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವಂತಿಲ್ಲ: 'ಶಿ ಡಸಂಟ್ ಗೋ', 'ಡಸ್ ಶಿ ಗೋ?'. ಕ್ಯಾನ್, ವಿಲ್, ಮಸ್ಟ್ ಇದ್ದರೂ ಮುಂದಿನ ಕ್ರಿಯಾಪದ ಬರಿದಾಗಿಯೇ ಉಳಿಯುತ್ತದೆ: 'ಶಿ ಕ್ಯಾನ್ ಸ್ವಿಮ್'.

ಪ್ರಶ್ನೆ: 'ಸ್ಟಡಿ'ಗೆ ವೈ ಹೋಗುತ್ತದೆ, 'ಪ್ಲೇ'ಗೆ ಏಕಿಲ್ಲ?
– ಓದುಗರು, ಶಿರಸಿ

ಉತ್ತರ: ವೈ ಹಿಂದಿನ ಅಕ್ಷರ ನೋಡಿ. 'ಸ್ಟಡಿ'ಯಲ್ಲಿ ಅದು ಡಿ, ಅಂದರೆ ವ್ಯಂಜನ. ಆಗ ವೈ ತೆಗೆದು ಐ-ಇ-ಎಸ್. 'ಪ್ಲೇ'ಯಲ್ಲಿ ಅದು ಎ, ಅಂದರೆ ಸ್ವರ. ಬರೀ ಎಸ್ ಸಾಕು. ವಾಚ್, ವಾಷ್, ಪಾಸ್, ಫಿಕ್ಸ್, ಗೋ ಇವುಗಳಿಗೆ ಇ-ಎಸ್. 'ಹ್ಯಾವ್' ಈ ಯಾವ ಸಾಲಿಗೂ ಸೇರದು, ಅದು 'ಹ್ಯಾಸ್'.